ಮನೇಲೇ ಕಟ್ಟಿದ ವಾಲ್ವ್ ಆಂಪ್: ಒಂದು ಇಎಲ್84 ಕೆಂಪಗಾಗ್ತಿದೆ, ಜೊತೆಗೆ ಹಮ್. ಎಲ್ಲಿಂದ ಶುರು ಮಾಡ್ಲಿ?

ತಂತಿಪ್ರಿಯ:
ಎಲ್ರಿಗೂ ನಮಸ್ಕಾರ. ವಾಲ್ವ್ (ಅದನ್ನೇ ಟ್ಯೂಬ್ ಅಂತೀವಿ) ಹಾಕಿ ಸಿಂಗಲ್ ಎಂಡೆಡ್, ಅಂದ್ರೆ ಚಾನೆಲ್‌ಗೆ ಒಂದೇ ಔಟ್‌ಪುಟ್ ಟ್ಯೂಬ್ ಇರೋ ಸ್ಟೀರಿಯೋ ಆಂಪ್ ಒಂದು ಕಟ್ಟಿದೀನಿ. ಚಾನೆಲ್‌ಗೆ ಒಂದೊಂದು ಇಎಲ್84 (ಸ್ಪೀಕರ್ ಓಡಿಸೋ ಟ್ಯೂಬ್), ಮುಂದೆ ಎರಡಕ್ಕೂ ಸೇರಿ ಒಂದು ಇಸಿಸಿ83 (ಮೊದ್ಲು ಸಿಗ್ನಲ್ ದೊಡ್ಡದು ಮಾಡೋ ಟ್ಯೂಬ್), ಎಸಿನ ಡಿಸಿ ಮಾಡೋ ರೆಕ್ಟಿಫೈಯರ್ ಇಝಡ್81. ಅದಾದ್ಮೇಲೆ ಡಿಸಿ ಸಮ ಮಾಡೋಕೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್, ಚೋಕ್ (ಕಾಯಿಲ್), 100 ಮೈಕ್ರೋಫ್ಯಾರಡ್. ಇಎಲ್84ರ ಕ್ಯಾಥೋಡ್‌ಗೆ (ಎಲೆಕ್ಟ್ರಾನ್ ಬಿಡೋ ಭಾಗ) ರೆಸಿಸ್ಟರ್ 150 ಓಮ್. ಔಟ್‌ಪುಟ್‌ನ ಸ್ವಲ್ಪ ಪಾಲು ಹಿಂದಕ್ಕೆ ಕೊಡೋ ಫೀಡ್‌ಬ್ಯಾಕ್ ತಂತಿ ಇನ್ನೂ ಜೋಡಿಸಿಲ್ಲ, ಬಿಟ್ಟಿದೀನಿ.

ಆನ್ ಮಾಡಿದ್ರೆ ಎರಡೂ ಕಡೆ ಹಾಡು ಬರುತ್ತೆ. ಆದ್ರೆ ಸ್ವಲ್ಪ ಹೊತ್ತು ಆಗ್ತಿದ್ದಂಗೆ ಬಲಗಡೆ ಇಎಲ್84ರ ಪ್ಲೇಟ್ (ಎಲೆಕ್ಟ್ರಾನ್ ಬಂದು ಸೇರೋ) ತಗಡು ಮಧ್ಯದಲ್ಲಿ ಮಂಕಾಗಿ ಕೆಂಪಗಾಗೋಕೆ ಶುರುವಾಗುತ್ತೆ. ಹೀಟರ್ ಬೆಳಕಲ್ಲ, ಲೈಟ್ ಆರಿಸಿ ನೋಡ್ದೆ, ತಗಡೇ ಕೆಂಪು. ತಕ್ಷಣ ಆಫ್ ಮಾಡ್ತಿದೀನಿ. ಇದರ ಜೊತೆ ಎರಡೂ ಸ್ಪೀಕರಲ್ಲಿ ಗುಂಯ್ ಅನ್ನೋ ಹಮ್, ವಾಲ್ಯೂಮ್ ಸೊನ್ನೆಗೆ ಇಳಿಸಿದ್ರೂ ಅಷ್ಟೇ ಇರುತ್ತೆ. ಎರಡೂ ಒಂದೇ ಕಾಯಿಲೇನಾ ಬೇರೆ ಬೇರೆನಾ?

ಕೆಂಪುದೀಪ:
ಟ್ಯೂಬ್ ಹೋಗಿದೆ. ಹೊಸದು ಹಾಕು.

ಗ್ರಿಡ್‌ಲೀಕ್:
ಅಳೀದೇ ಟ್ಯೂಬ್ ಬದಲಾಯಿಸಿದ್ರೆ ಹೊಸ ಟ್ಯೂಬೂ ಅದೇ ದಾರಿ ಹಿಡಿಯುತ್ತೆ. ಮೊದ್ಲು ಎಡಗಡೆ ಟ್ಯೂಬ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕು. ಕೆಂಪು ಟ್ಯೂಬ್ ಜೊತೆ ಹೋಗುತ್ತಾ, ಸಾಕೆಟ್ ಹತ್ರಾನೇ ಉಳ್ಕೊಳುತ್ತಾ ನೋಡು. ಆಮೇಲೆ ಎರಡೂ ಕಡೆ ಕ್ಯಾಥೋಡ್ ವೋಲ್ಟೇಜ್ ಬರಿ, ಪಿನ್ 3ರಿಂದ ಚಾಸಿಸ್‌ಗೆ (ಆಂಪಿನ ಲೋಹದ ತಗಡಿಗೆ). ಪ್ಲೇಟ್ ಪಿನ್ 7, ಸ್ಕ್ರೀನ್ ಪಿನ್ 9, ಅವನ್ನೂ ಬರಿ. ಈ ನಂಬರ್ ಇಲ್ದೆ ಯಾರು ಏನ್ ಹೇಳಿದ್ರೂ ಅದು ಕಣಿ ಹೇಳಿದಂಗೆ.

ಹಮ್ ಬೇರೆ ಕಾಯಿಲೆ ಅಂತ ನನ್ನ ಅಂದಾಜು, ಅದು ಎರಡೂ ಕಡೆ ಇದೆಯಲ್ಲ. ಅದನ್ನ ಆಮೇಲೆ ನೋಡೋಣ, ಹಮ್ ಇಂದ ಏನೂ ಸುಡಲ್ಲ.

ಹಳೇರೇಡಿಯೋ:
ಅಳತೆಗೆ ಕೈ ಹಾಕೋ ಮುಂಚೆ ಒಂದು ಮಾತು ಕೇಳಿ ಮಾರಾಯ್ರೇ. ಒಳಗೆ 300 ವೋಲ್ಟ್ ಹತ್ರ ಉಂಟು, ಪ್ಲಗ್ ತೆಗೆದ ಮೇಲೂ ಕೆಪಾಸಿಟರಲ್ಲಿ ಅದು ಕೂತಿರ್ತದೆ. ಆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಹಾಕಿದ್ದೀರಾ ಇಲ್ವಾ? ಮೀಟರಿನ ಕಪ್ಪು ತಂತಿಗೆ ಕ್ರೊಕಡೈಲ್ ಕ್ಲಿಪ್ ಹಾಕಿ ಚಾಸಿಸ್‌ಗೆ ಕಚ್ಚಿಸಿ ಬಿಡಿ, ಕೆಂಪು ಪ್ರೋಬ್ ಮಾತ್ರ ಒಂದು ಕೈಯಲ್ಲಿ, ಇನ್ನೊಂದು ಕೈ ಜೇಬಲ್ಲಿ. ಎರಡೂ ಕೈ ಒಳಗೆ ಹೋದ್ರೆ ಕರೆಂಟಿನ ದಾರಿ ಎದೆ ಮೇಲಿಂದಲೇ.

ಬೆಸುಗೆಕಡ್ಡಿ:
ಬ್ಲೀಡರ್ ಎಲ್ಲಾ ಯಾಕೆ, ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡಿದ್ರೆ ಮುಗೀತು.

ಸ್ಕೋಪ್‌ರಾಣಿ:
@ಬೆಸುಗೆಕಡ್ಡಿ ದಯವಿಟ್ಟು ಹೊಸಬರಿಗೆ ಇದನ್ನ ಹೇಳ್ಕೊಡ್ಬೇಡಿ. ಪಟಾರ್ ಅಂತ ಸ್ಕ್ರೂಡ್ರೈವರ್ ತುದಿ ಕರಗುತ್ತೆ, ಕೆಪಾಸಿಟರ್ ಒಳಗಿನ ಜೋಡಣೆಗೂ ಪೆಟ್ಟು ಬೀಳುತ್ತೆ, ಆ ಸದ್ದಿಗೆ ಬೆಚ್ಚಿ ಕೈ ಇನ್ನೆಲ್ಲಿಗೋ ತಗಲುತ್ತೆ. 220 ಕೆ, 2 ವಾಟ್ ರೆಸಿಸ್ಟರನ್ನ 100 ಮೈಕ್ರೋಫ್ಯಾರಡ್‌ಗೆ ಸಮಾಂತರವಾಗಿ ಖಾಯಂ ಬೆಸುಗೆ ಹಾಕಿ. 47 ಮತ್ತೆ 100 ಸೇರಿ ಟೈಮ್ ಕಾನ್ಸ್ಟಂಟ್ (ವೋಲ್ಟೇಜ್ ಮೂರರಲ್ಲೊಂದು ಪಾಲಿನ ಹತ್ರ ಇಳಿಯೋ ಹೊತ್ತು) ಸುಮಾರು 32 ಸೆಕೆಂಡ್. ಪ್ಲಗ್ ತೆಗೆದು ಎರಡೂವರೆ ನಿಮಿಷ ಬಿಟ್ರೆ ಎರಡಂಕಿಯೂ ಉಳಿಯಲ್ಲ. ಆದ್ರೂ ಬ್ಲೀಡರ್ ಇದೆ ಅಂತ ನಂಬ್ಕೊಂಡು ಕೈ ಹಾಕ್ಬಾರ್ದು, ಮೀಟರ್ ಇಟ್ಟು ನೋಡಿಯೇ ಮುಟ್ಬೇಕು. ರೆಸಿಸ್ಟರ್ ಓಪನ್ ಆಗಿದ್ರೆ ಅದೇನೂ ಕೂಗಿ ಹೇಳಲ್ಲ.

ಬೆಸುಗೆಕಡ್ಡಿ:
ಸರಿ ಮೇಡಂ 🙏 ಆದ್ರೆ ಹಳೇ ರಿಪೇರಿಯವ್ರೆಲ್ಲ ಹಂಗೇ ಮಾಡ್ತಿದ್ದಿದ್ದು

ಹಳೇರೇಡಿಯೋ:
ಮಾಡ್ತಿದ್ರು, ಹೌದು. ಆಗ ಸೆಟ್ಟಲ್ಲಿ ಇರ್ತಿದ್ದದ್ದು 8, 16 ಮೈಕ್ರೋಫ್ಯಾರಡ್. ಈಗ ಸಸ್ತಾ ಸಿಗ್ತದೆ ಅಂತ ಎಲ್ಲರೂ 220, 470 ಹಾಕ್ತಾರೆ. ಅಂದ ಹಾಗೆ ಇಝಡ್81ಗೆ ಮೊದಲನೇ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರಬಾರ್ದು, ನೀವು 47 ಹಾಕಿದ್ದು ಸರಿಯಾಯ್ತು.

ಓಮ್‌ಶಾಂತಿ:
ನಂದೊಂದು ಪ್ರಶ್ನೆ. ಮೈನ್ಸ್ ತಂತಿಗೆ ಸೀರೀಸಲ್ಲಿ ಬಲ್ಬ್ ಹಾಕಿ ಟೆಸ್ಟ್ ಮಾಡಿದ್ರೆ ಇದೆಲ್ಲ ಸೇಫಾಗಿ ಆಗಲ್ವಾ?

ಗ್ರಿಡ್‌ಲೀಕ್:
ಬಲ್ಬ್ ಮೊದಲ ಸಲ ಪವರ್ ಕೊಡುವಾಗ ಮಾತ್ರ. ಟ್ರಾನ್ಸ್‌ಫಾರ್ಮರ್ ಶಾರ್ಟ್ ಇದ್ಯಾ, ರೆಕ್ಟಿಫೈಯರ್ ವೈರಿಂಗ್ ಉಲ್ಟಾ ಆಗಿದ್ಯಾ ಅನ್ನೋದನ್ನ ಹೇಳುತ್ತೆ. ಫಿಲಮೆಂಟ್ ಬಲ್ಬೇ ಆಗ್ಬೇಕು, ಎಲ್‌ಇಡಿ ಹಾಕಿದ್ರೆ ಏನೂ ಗೊತ್ತಾಗಲ್ಲ. ಆದ್ರೆ ಬಲ್ಬ್ ಸೀರೀಸಲ್ಲಿ ಇರೋವಾಗ ಹೀಟರ್ 6.3 ಮುಟ್ಟಲ್ಲ, ಹಾಗಾಗಿ ಬಯಾಸ್ (ಹಾಡಿಲ್ಲದಾಗ ಟ್ಯೂಬಲ್ಲಿ ಎಷ್ಟು ಕರೆಂಟ್ ಅಂತ ಗೊತ್ತು ಮಾಡೋ ವೋಲ್ಟೇಜ್) ಅಳತೆ ಎಲ್ಲಾ ಸುಳ್ಳು. ಇವನ ಆಂಪ್ ಆಗ್ಲೇ ಹಾಡ್ತಿದೆ, ಆ ಹಂತ ದಾಟಿದೆ.

ತಂತಿಪ್ರಿಯ:
ಬ್ಲೀಡರ್ ಹಾಕ್ದೆ. ಟ್ಯೂಬ್ ಅದಲುಬದಲು ಮಾಡ್ದೆ, ಕೆಂಪು ಬಲಗಡೇನೇ ಉಳೀತು. ಅಂದ್ರೆ ಟ್ಯೂಬ್ ತಪ್ಪಿಲ್ಲ. ನಂಬರ್ ಇಲ್ಲಿದೆ, ಕೆಂಪಾಗೋಕೆ ಶುರುವಾಗೋ ಹೊತ್ತಿಗೆ ಬೇಗ ಬೇಗ ಬರ್ಕೊಂಡಿದ್ದು.

ಎಡಗಡೆ ಕ್ಯಾಥೋಡ್ 7.6, ಪ್ಲೇಟ್ 272. ಬಲಗಡೆ ಕ್ಯಾಥೋಡ್ 11.4, ಪ್ಲೇಟ್ 266. ಬಲಗಡೆದು ಆನ್ ಮಾಡಿದಾಗ 8 ಹತ್ರ ಇತ್ತು, ಆಮೇಲೆ ಮೆಲ್ಲಗೆ ಏರ್ತಾ ಹೋಯ್ತು.

ಕೆಂಪುದೀಪ:
ಹೀಟರ್ ವೋಲ್ಟೇಜ್ ಜಾಸ್ತಿ ಇರ್ಬೇಕು

ಗ್ರಿಡ್‌ಲೀಕ್:
ಎರಡಕ್ಕೂ ಒಂದೇ ಹೀಟರ್ ವೈಂಡಿಂಗ್ ಗುರೂ, ಬಲಗಡೆಗೆ ಮಾತ್ರ ಹೇಗೆ ಜಾಸ್ತಿ ಬರುತ್ತೆ?

ಲೆಕ್ಕ ಹಾಕೋಣ. 11.4 ಭಾಗಿಸು 150, ಅಂದ್ರೆ 76 ಮಿಲಿಆಂಪ್. ಇದ್ರಲ್ಲಿ ಎಂಟೊಂಬತ್ತು ಸ್ಕ್ರೀನ್‌ಗೆ ಹೋಗುತ್ತೆ ಅಂತ ಬಿಡು, ಪ್ಲೇಟ್‌ಗೆ 67. ಪ್ಲೇಟಿಂದ ಕ್ಯಾಥೋಡ್‌ಗೆ 255 ವೋಲ್ಟ್. ಗುಣಿಸಿದ್ರೆ 17 ವಾಟ್. ಇಎಲ್84ರ ಪ್ಲೇಟ್ ತಾಳೋದು 12 ವಾಟ್. ಕೆಂಪಾಗದೆ ಇನ್ನೇನಾಗುತ್ತೆ. ಎಡಗಡೆ ಸುಮಾರು 12ಕ್ಕೆ ತಾಗಿ ಕೂತಿದೆ, ಅದು ಸದ್ಯಕ್ಕೆ ಓಕೆ.

ಈಗ ಪ್ರಶ್ನೆ, ಕರೆಂಟ್ ಯಾಕೆ ಜಾಸ್ತಿ? ರೆಸಿಸ್ಟರ್ 150 ಇದ್ದು ಕ್ಯಾಥೋಡ್ ವೋಲ್ಟೇಜ್ ಏರಿದೆ ಅಂದ್ರೆ ಟ್ಯೂಬಿನ ಕರೆಂಟ್ ಹತೋಟಿ ಮಾಡೋ ಗ್ರಿಡ್ ಮೇಲೆ ಪಾಸಿಟಿವ್ ವೋಲ್ಟೇಜ್ ಕೂತಿರ್ಬೇಕು. ಪಿನ್ 2 ಅಳಿ. ಅಲ್ಲಿ ಡಿಸಿ ಸೊನ್ನೆ ಇರ್ಬೇಕು.

ಹಳೇರೇಡಿಯೋ:
ಇಸಿಸಿ83ರಿಂದ ಇಎಲ್84ರ ಗ್ರಿಡ್ಡಿಗೆ ಹಾಡು ದಾಟಿಸಿ ಡಿಸಿ ತಡೆಯುವ ಕಪ್ಲಿಂಗ್ ಕೆಪಾಸಿಟರ್ ಲೀಕ್. ನನ್ನ ಪ್ರಕಾರ ಇನ್ನು ಹುಡುಕುವುದೇ ಬೇಡ. ಯಾವ ಕಂಪನಿ, ಹೊಸದಾ ಹಳೇದಾ?

ತಂತಿಪ್ರಿಯ:
ಹಳೇ ಸ್ಟಾಕ್ ಪೇಪರ್ ಇನ್ ಆಯಿಲ್, 0.1 ಮೈಕ್ರೋಫ್ಯಾರಡ್. ಬಳಸದೇ ಇಟ್ಟಿದ್ದು, ಮೇಲೆ ತುಕ್ಕೂ ಇಲ್ಲ. ಹಾಕೋ ಮುಂಚೆ ಕೆಪಾಸಿಟೆನ್ಸ್ ಮೀಟರಲ್ಲಿ ನೋಡಿದ್ದೆ, 0.12 ತೋರ್ಸಿತ್ತು. ಅದಕ್ಕೇ ಅದರ ಮೇಲೆ ಅನುಮಾನ ಬರ್ಲಿಲ್ಲ.

ಸ್ಕೋಪ್‌ರಾಣಿ:
ಆ ಮೀಟರ್ ಅಳೆಯೋದು ಒಂದೆರಡು ವೋಲ್ಟಲ್ಲಿ. ಕೆಪಾಸಿಟರ್ ಕೂತಿರೋ ಜಾಗದಲ್ಲಿ ಒಂದು ಕಡೆ ಇಸಿಸಿ83ರ ಪ್ಲೇಟ್, 170 ವೋಲ್ಟ್. ಲೀಕ್ ಬರೋದು ಆ ವೋಲ್ಟೇಜಲ್ಲಿ, ಅದೂ ಬಿಸಿ ಆದ್ಮೇಲೆ. ನಿಮ್ದು ಆನ್ ಮಾಡಿದಾಗ 8 ಇದ್ದು ಆಮೇಲೆ ಏರ್ತಿರೋದು ಅದಕ್ಕೇ ಸರಿಹೊಂದುತ್ತೆ. ಮೇಲೆ ಬರೆದಿರೋದಕ್ಕಿಂತ ಜಾಸ್ತಿ ತೋರ್ಸೋದೂ ಒಳ್ಳೇ ಲಕ್ಷಣ ಅಲ್ಲ, ಲೀಕ್ ಇರೋ ಕೆಪಾಸಿಟರ್ ಎಷ್ಟೋ ಸಲ ಹಂಗೇ ಓದುತ್ತೆ.

ಆದ್ರೆ ಹಳೇರೇಡಿಯೋ ಅವ್ರೇ, ಹುಡುಕೋದೇ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಟ್ಯೂಬಲ್ಲಿ ಗ್ಯಾಸ್ ಇದ್ರೂ ಗ್ರಿಡ್ ಪಾಸಿಟಿವ್ ಆಗುತ್ತೆ. ಅದಲುಬದಲು ಮಾಡಿದ್ದು ಅದನ್ನ ಮುಕ್ಕಾಲು ಪಾಲು ತಳ್ಳಿಹಾಕಿದೆ, ಉಳಿದ ಕಾಲು ಪಾಲಿಗೂ ಸುಲಭದ ಟೆಸ್ಟ್ ಇದೆ. ಆಫ್ ಮಾಡಿ ಬಲಗಡೆ ಇಎಲ್84 ಕಿತ್ತು, ಮತ್ತೆ ಆನ್ ಮಾಡಿ, ಖಾಲಿ ಸಾಕೆಟಿನ ಪಿನ್ 2 ಅಳೀರಿ. ವೋಲ್ಟೇಜ್ ಹಾಗೇ ಉಳಿದ್ರೆ ಕೆಪಾಸಿಟರ್, ಹೋಗಿಬಿಟ್ರೆ ಟ್ಯೂಬ್.

ಹಳೇರೇಡಿಯೋ:
ಒಪ್ಪಿದೆ ಮೇಡಂ. ಆದ್ರೆ ಮುಳ್ಳಿನ ಮೀಟರ್ ಇದ್ರೆ ಅದರಲ್ಲೇ ನೋಡ್ಲಿ. ನಿಧಾನ ಏರುವುದು ಇಳಿಯುವುದು ಕಣ್ಣಿಗೆ ಕಾಣ್ತದೆ, ಡಿಜಿಟಲಲ್ಲಿ ಅಂಕಿ ಕುಣಿಯುವುದು ಮಾತ್ರ.

ಗ್ರಿಡ್‌ಲೀಕ್:
ಇಲ್ಲಿ ಮುಳ್ಳಿನ ಮೀಟರ್ ಮೋಸ ಮಾಡುತ್ತೆ ಸರ್. ಸಾಮಾನ್ಯವಾಗಿ ವೋಲ್ಟ್‌ಗೆ 20 ಕೆ, 10 ವೋಲ್ಟ್ ರೇಂಜಲ್ಲಿ ಒಟ್ಟು 200 ಕೆ. ಗ್ರಿಡ್ ರೆಸಿಸ್ಟರೇ 470 ಕೆ ಇದ್ರೆ ಮೀಟರೇ ವೋಲ್ಟೇಜನ್ನ ಎಳೆದು ಕೆಳಗಿಳಿಸುತ್ತೆ. 6 ವೋಲ್ಟ್ ಇರೋ ಕಡೆ ಎರಡೂ ಇಲ್ಲ ಅನ್ನುತ್ತೆ. ಡಿಜಿಟಲ್ ಮೀಟರ್ 10 ಮೆಗಾ ಓಮ್, ಅದ್ರಲ್ಲಿ ನಾಲ್ಕೈದು ಪರ್ಸೆಂಟ್ ವ್ಯತ್ಯಾಸ ಅಷ್ಟೇ. ಕ್ಯಾಥೋಡ್‌ಗಾದ್ರೆ ಯಾವ ಮೀಟರಾದ್ರೂ ಆಗುತ್ತೆ.

ಹಳೇರೇಡಿಯೋ:
ಅದು ಹೌದು. ಹಳೇ ಸರ್ವಿಸ್ ಶೀಟಲ್ಲಿ ಎಷ್ಟು ಓಮ್ ಮೀಟರಲ್ಲಿ ಅಳೆದದ್ದು ಅಂತ ಅದಕ್ಕೇ ಬರೆದಿರ್ತಿದ್ರು.

ಸುಮ್ನೆ_ಓದೋನು:
ಇಷ್ಟೆಲ್ಲ ಕಷ್ಟಪಡೋದ್ಯಾಕೆ, ಬೆರಳುಗುರಿನಷ್ಟು ಚಿಪ್ಪಲ್ಲಿ ಇದರ ನಾಲ್ಕರಷ್ಟು ಪವರ್ ಬರುತ್ತಲ್ಲ 😄

ಓಮ್‌ಶಾಂತಿ:
ಬಂದ್ರು ನೋಡ್ರಿ. ಪ್ರತಿ ಥ್ರೆಡ್ಡಿನ್ಯಾಗೂ ಒಬ್ರು ಬರ್ತಾರ.

ಸುಮ್ನೆ_ಓದೋನು:
ಜಗಳ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ. ಗೋಡೆಯಿಂದ ಎಷ್ಟು ತಗೊಳುತ್ತೆ, ಸ್ಪೀಕರ್‌ಗೆ ಎಷ್ಟು ಕೊಡುತ್ತೆ?

ಗ್ರಿಡ್‌ಲೀಕ್:
ಹೀಟರ್‌ಗಳಿಗೇ 18 ವಾಟ್ ಹತ್ರ: ಇಎಲ್84 ಒಂದಕ್ಕೆ 0.76 ಆಂಪ್, ಇಝಡ್81ಗೆ 1 ಆಂಪ್, ಇಸಿಸಿ83ಗೆ 0.3. ಹೈ ಟೆನ್ಷನ್ (ಪ್ಲೇಟಿಗೆ ಹೋಗೋ ಆ 300 ವೋಲ್ಟ್ ಹತ್ರದ ಡಿಸಿ) ಇನ್ನೊಂದು 30. ಟ್ರಾನ್ಸ್‌ಫಾರ್ಮರ್ ಬಿಸಿ ಸೇರಿಸಿದ್ರೆ ಐವತ್ತರ ಮೇಲೆ ತಿಂದು ಎರಡೂ ಚಾನೆಲ್ ಸೇರಿ ಹತ್ತು ವಾಟ್ ಕೊಡುತ್ತೆ. ಹಾಡದೇ ಸುಮ್ನೆ ಕೂತಿದ್ರೂ ಅಷ್ಟೇ ತಿನ್ನುತ್ತೆ, ಕ್ಲಾಸ್ ಎ. ಲೆಕ್ಕಕ್ಕೆ ಬರೋ ಹವ್ಯಾಸ ಅಲ್ಲ ಇದು.

ಹಳೇರೇಡಿಯೋ:
ತಮಾಷೆ ಎಂತ ಗೊತ್ತುಂಟಾ, ವಿಲಿಯಮ್ಸನ್ ತನ್ನ ಹೆಸರಾಂತ ವಾಲ್ವ್ ಆಂಪ್ಲಿಫೈಯರ್ ವಿನ್ಯಾಸ ಪ್ರಕಟ ಮಾಡಿದ್ದು 1947ರಲ್ಲಿ, ಅದೇ ವರ್ಷ ಡಿಸೆಂಬರಲ್ಲಿ ಬೆಲ್ ಲ್ಯಾಬ್ಸಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇಎಲ್84 ಬಂದದ್ದು ಅದಕ್ಕೂ ನಂತರ, 1953, ಫಿಲಿಪ್ಸಿಂದ. ಅಂದ್ರೆ ಎದುರಾಳಿ ಹುಟ್ಟಿದ ಮೇಲೆ ಹುಟ್ಟಿದ ವಾಲ್ವ್ ಇದು, ಆದ್ರೂ ಇವತ್ತಿಗೂ ಹೊಸದಾಗಿ ತಯಾರಾಗ್ತಾ ಉಂಟು.

ಬೆಸುಗೆಕಡ್ಡಿ:
ರಷ್ಯಾದ 6ಪಿ14ಪಿ ಕೂಡ ಅದೇ ಅಲ್ವಾ? ಅದು ನಂ ಹತ್ರ ಒಂದು ಡಬ್ಬ ಇದೆ, ಏನ್ ಗಟ್ಟಿ ಅಂತೀರಾ

ಸ್ಕೋಪ್‌ರಾಣಿ:
ಹೌದು, ಅದೇ ಪಿನ್ ಜೋಡಣೆ. ಇಎಲ್84 ಸಾಕೆಟ್ಟಿಗೆ ಹಾಗೇ ಕೂರುತ್ತೆ.

ತಂತಿಪ್ರಿಯ:
ಬಂದೆ. ಬಲಗಡೆ ಇಎಲ್84 ತೆಗೆದು ಪಿನ್ 2 ಅಳೆದೆ, 5.6 ವೋಲ್ಟ್ ಹಾಗೇ ಇದೆ. ಎಡಗಡೆ ಹಂಗೇ ಮಾಡಿದ್ರೆ 0.02.

ಆಮೇಲೆ ಆಫ್ ಮಾಡಿ, ಚಾರ್ಜ್ ಇಳಿದಿದ್ಯಾ ನೋಡಿ, ಕೆಪಾಸಿಟರಿನ ಗ್ರಿಡ್ ಕಡೆ ಕಾಲನ್ನ ಬೆಸುಗೆಯಿಂದ ಬಿಡಿಸಿ ಗಾಳಿಯಲ್ಲಿ ಎತ್ತಿ ನಿಲ್ಲಿಸಿ, ಆ ಕಾಲಿಗೂ ಚಾಸಿಸ್‌ಗೂ ಮೀಟರ್ ಕ್ಲಿಪ್ ಹಾಕಿ ಆನ್ ಮಾಡ್ದೆ. 70ರ ಆಸುಪಾಸು ಏರಿ ಅಲ್ಲೇ ನಿಂತ್ಬಿಡ್ತು! ಎಡಗಡೇದೂ ಅದೇ ತರ ಬಿಡಿಸಿ ನೋಡಿದ್ರೆ ಇಸಿಸಿ83 ಬಿಸಿಯಾಗ್ತಿದ್ದಂಗೆ ಅಂಕಿ ಸ್ವಲ್ಪ ಅಲ್ಲಾಡಿ ಸೊನ್ನೆಗೆ ಬಂದು ಕೂತ್ಕೊಂಡ್ತು.

ಗ್ರಿಡ್‌ಲೀಕ್:
ಚೊಕ್ಕ ಟೆಸ್ಟ್. ಮೀಟರಿನ 10 ಮೆಗಾ ಓಮ್ ಮೇಲೆ 70 ವೋಲ್ಟ್ ನಿಂತಿದೆ ಅಂದ್ರೆ ಕೆಪಾಸಿಟರ್ ಈಗ 13, 14 ಮೆಗಾ ಓಮ್ ರೆಸಿಸ್ಟರ್ ತರ ನಡ್ಕೊಳ್ತಿದೆ. ಒಳ್ಳೇದಾದ್ರೆ ಸಾವಿರಾರು ಮೆಗಾ ಓಮ್ ಇರ್ಬೇಕು. ಎರಡನ್ನೂ ತೆಗೆದು 630 ವೋಲ್ಟ್ ಪಾಲಿಪ್ರೊಪಿಲೀನ್ ಹಾಕು.

ಕೆಂಪುದೀಪ:
ಎಡಗಡೇದು ಚೆನ್ನಾಗಿದೆಯಲ್ಲ ಅದ್ಯಾಕೆ ತೆಗೀಬೇಕು? ಪೇಪರ್ ಇನ್ ಆಯಿಲ್ ಸೌಂಡೇ ಬೇರೆ, ಮಿಡ್ ರೇಂಜ್ ಎಷ್ಟು ತುಂಬಿ ಬರುತ್ತೆ, ಪ್ಲಾಸ್ಟಿಕ್ ಕೆಪಾಸಿಟರ್ ಎಲ್ಲಾ ಚಪ್ಪೆ

ಗ್ರಿಡ್‌ಲೀಕ್:
ಗ್ರಿಡ್ ಮೇಲೆ ಆರು ವೋಲ್ಟ್ ಕೂತು ಬಯಾಸ್ ಅಲ್ಲಾಡಿದ್ರೆ ಸೌಂಡ್ ಖಂಡಿತ ಬೇರೇನೇ ಬರುತ್ತೆ.

ಕೆಂಪುದೀಪ:
ಕಿವಿಗಿಂತ ಮೀಟರ್ ದೊಡ್ಡದಾ ನಿಮ್ಗೆ?

ಸ್ಕೋಪ್‌ರಾಣಿ:
ಕೆಪಾಸಿಟರ್ ಸೌಂಡ್ ಜಗಳ ಇನ್ನೊಂದು ಥ್ರೆಡ್ಡಿಗೆ ತಗೊಂಡು ಹೋಗಿ ಇಬ್ರೂ. ಎಡಗಡೇದು ಇವತ್ತು ಚೆನ್ನಾಗಿದೆ, ಅದೇ ಕಾಲದ್ದು, ಅದೇ ಬಿಸೀಲಿ ಕೂತಿದೆ, ಅದು ಕೈಕೊಟ್ರೆ ಒಂದು ಒಳ್ಳೇ ಇಎಲ್84 ಜೊತೆಗೆ ಹೋಗುತ್ತೆ. ಕಪ್ಲಿಂಗ್ ಜಾಗಕ್ಕೆ ಹಳೇ ಪೇಪರ್ ಬೇಡ. ಟೋನ್ ಸರ್ಕ್ಯೂಟಲ್ಲಿ, ಡಿಸಿ ಇಲ್ಲದ ಕಡೆ ಬೇಕಾದ್ರೆ ಇಟ್ಕೊಳ್ಳಿ.

ತಂತಿಪ್ರಿಯ:
ಎರಡೂ ಬದಲಾಯಿಸಿದೆ. ಈಗ ಬಲ 7.7, ಎಡ 7.6. ಅರ್ಧ ಗಂಟೆ ಓಡಿಸಿದ್ರೂ ಕೆಂಪಿಲ್ಲ.

ಹಮ್ ಮಾತ್ರ ಹಾಗೇ ಇದೆ.

ಸ್ಕೋಪ್‌ರಾಣಿ:
ಈಗ ಹಮ್. 50 ಹರ್ಟ್ಜಾ 100ಆ ಮೊದ್ಲು ಗುರುತಿಸಿ. ಮೊಬೈಲಲ್ಲಿ ಸ್ಪೆಕ್ಟ್ರಮ್ ತೋರ್ಸೋ ಆಪ್ ಇದ್ರೆ ಸಾಕು. 50 ಅಂದ್ರೆ ಹೀಟರ್ ಕಡೆಯಿಂದ ಅಥವಾ ಟ್ರಾನ್ಸ್‌ಫಾರ್ಮರ್ ಕಾಂತಕ್ಷೇತ್ರದಿಂದ, 100 ಅಂದ್ರೆ ರೆಕ್ಟಿಫೈ ಆದ್ಮೇಲೆ ಡಿಸಿ ಮೇಲೆ ಉಳಿಯೋ ಅಲೆ (ರಿಪಲ್) ಅಥವಾ ಗ್ರೌಂಡ್ ವೈರಿಂಗ್. ಮೈನ್ಸ್ 60 ಇರೋ ಕಡೆ 60, 120 ಅಂತ ಓದ್ಕೊಳ್ಳಿ. ಆಮೇಲೆ ಇಸಿಸಿ83 ತೆಗೆದು ಕೇಳಿ. ನಿಂತ್ರೆ ಮುಂದಿನ ಹಂತದಲ್ಲೇ ಒಳಗೆ ಬರ್ತಿದೆ, ನಿಲ್ಲದಿದ್ರೆ ಇಎಲ್84 ಅಥವಾ ಪವರ್ ಸಪ್ಲೈ.

ಬೆಸುಗೆಕಡ್ಡಿ:
100 ಮೈಕ್ರೋಫ್ಯಾರಡ್‌ನ 470 ಮಾಡು, ಎಲ್ಲಾ ಹಮ್ ಓಡೋಗುತ್ತೆ

ಸ್ಕೋಪ್‌ರಾಣಿ:
100 ಹರ್ಟ್ಜ್ ರಿಪಲ್ ಆಗಿದ್ರೆ ಮಾತ್ರ.

ತಂತಿಪ್ರಿಯ:
50ರಲ್ಲಿ ಎತ್ತರದ ಗೆರೆ, 100ರಲ್ಲಿ ಚಿಕ್ಕದು. ಇಸಿಸಿ83 ತೆಗೆದ್ರೆ ಹಮ್ ಬಹುತೇಕ ಮಾಯ.

ಹಳೇರೇಡಿಯೋ:
ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ವೈಂಡಿಂಗಿನ ನಡುಮಧ್ಯದಿಂದ ತೆಗೆದ ತಂತಿ) ಉಂಟಾ? ಅದು ಎಲ್ಲಿಗೆ ಹೋಗಿದೆ?

ತಂತಿಪ್ರಿಯ:
ಸೆಂಟರ್ ಟ್ಯಾಪ್ ಇಲ್ಲ. ಎರಡು ತಂತಿ, ಹೆಣೆದು ಎಲ್ಲಾ ಟ್ಯೂಬಿಗೆ ಕೊಟ್ಟಿದೀನಿ, ಇಸಿಸಿ83ಗೆ 4 ಮತ್ತೆ 5 ಸೇರಿಸಿ ಒಂದು ಕಡೆ, 9 ಇನ್ನೊಂದು ಕಡೆ. ಗ್ರೌಂಡ್‌ಗೆ ಯಾವ್ದೂ ಕೊಟ್ಟಿಲ್ಲ, ಸ್ಕೀಮ್ಯಾಟಿಕ್ಕಲ್ಲಿ ಹೀಟರೇ ಬಿಡಿಸಿರ್ಲಿಲ್ಲ.

ಹಳೇರೇಡಿಯೋ:
ಸಿಕ್ಕಿತು. ಹೀಟರ್ ತೇಲ್ತಾ ಉಂಟು. 100 ಓಮ್ ಅರ್ಧ ವಾಟಿನ ಎರಡು ರೆಸಿಸ್ಟರ್ ತಗೊಂಡು ಒಂದೊಂದು ಹೀಟರ್ ತಂತಿಯಿಂದ ಒಂದೊಂದು, ಎರಡೂ ಸೇರುವ ಜಾಗ ಗ್ರೌಂಡಿಗೆ. ಇನ್ನೂ ಉಳಿದ್ರೆ ಆ ಜಾಗವನ್ನು ಗ್ರೌಂಡಿಗೆ ಕೊಡುವ ಬದಲು ಹೈ ಟೆನ್ಷನಿಂದ ಡಿವೈಡರ್ ಮಾಡಿ 30, 40 ವೋಲ್ಟ್ ಮೇಲಕ್ಕೆತ್ತಿ. ಆಗ ಹೀಟರಿಂದ ಕ್ಯಾಥೋಡಿಗೆ ಎಲೆಕ್ಟ್ರಾನ್ ಹಾರುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಡ, ಇಎಲ್84ರ ಹೀಟರ್ ಕ್ಯಾಥೋಡ್ ಮಧ್ಯೆ 100 ವೋಲ್ಟೇ ಮಿತಿ.

ಗ್ರಿಡ್‌ಲೀಕ್:
ಆ ಚಿಕ್ಕ 100 ಹರ್ಟ್ಜ್‌ಗೆ: ಪವರ್ ಟ್ರಾನ್ಸ್‌ಫಾರ್ಮರಿನ ಹೈ ಟೆನ್ಷನ್ ಸೆಂಟರ್ ಟ್ಯಾಪ್ ತಂತಿ ಎಲ್ಲಿಗೆ ಬಂದಿದೆ ನೋಡು. ಅದು ನೇರವಾಗಿ 47 ಮೈಕ್ರೋಫ್ಯಾರಡ್‌ನ ನೆಗೆಟಿವ್ ಕಾಲಿಗೇ ಬರ್ಬೇಕು, ಅಲ್ಲಿಂದ ಒಂದೇ ತಂತಿ ಮುಂದಕ್ಕೆ. ಸೆಂಟರ್ ಟ್ಯಾಪ್ ಒಂದು ಮೂಲೇಲಿ ಚಾಸಿಸ್‌ಗೆ, ಕೆಪಾಸಿಟರ್ ಇನ್ನೊಂದು ಮೂಲೇಲಿ ಚಾಸಿಸ್‌ಗೆ ಕೊಟ್ರೆ ಚಾರ್ಜಿಂಗ್ ಕರೆಂಟಿನ ಹೊಡೆತ ಎಲ್ಲಾ ತಗಡಲ್ಲಿ ಓಡಾಡುತ್ತೆ, ಇನ್‌ಪುಟ್ ಗ್ರೌಂಡೂ ಅದೇ ತಗಡಲ್ಲಿದೆ.

ಓಮ್‌ಶಾಂತಿ:
ಟ್ರಾನ್ಸ್‌ಫಾರ್ಮರ್‌ಗಳು ಒಂದಕ್ಕೊಂದು ಹಮ್ ಹಚ್ಚತಾವ ಅಂತಾರಲ್ಲ, ಅದನ್ನ ಹೆಂಗ ನೋಡೋದ್ರಿ?

ಸ್ಕೋಪ್‌ರಾಣಿ:
ಚಾಸಿಸ್ ಕೊರೆಯೋ ಮುಂಚೆ ನೋಡ್ಬೇಕಾದ್ದು ಅದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಇಎಲ್84ಗೂ ಸ್ಪೀಕರ್‌ಗೂ ಮಧ್ಯದ್ದು) ಯಾವುದಕ್ಕೂ ಜೋಡಿಸದೇ ಅದರ ಸೆಕೆಂಡರಿಗೆ ಬರೀ ಹೆಡ್‌ಫೋನ್ ಹಾಕಿ. ಪವರ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ ಮೈನ್ಸ್ ಕೊಡಿ, ಉಳಿದ ತಂತಿ ತುದಿಗೆಲ್ಲ ಇನ್ಸುಲೇಷನ್ ಮಾಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನ ಮೆಲ್ಲಗೆ ತಿರುಗಿಸ್ತಾ ಹೋದ್ರೆ ಒಂದು ಕೋನದಲ್ಲಿ ಹಮ್ ಪೂರ್ತಿ ಅಡಗುತ್ತೆ. ಅಲ್ಲೇ ಪೆನ್ಸಿಲಲ್ಲಿ ಗೆರೆ ಹಾಕಿ, ತೂತು ಕೊರೀರಿ.

ತಂತಿಪ್ರಿಯ:
100 ಓಮ್ ಎರಡು ಹಾಕ್ದೆ, 50ರ ಗೆರೆ ಕುಸಿದೋಯ್ತು. ಸೆಂಟರ್ ಟ್ಯಾಪ್ ನೇರ 47ರ ಕಾಲಿಗೆ ಕೊಟ್ಟೆ, 100ರದೂ ಇಳೀತು. ಈಗ ಸ್ಪೀಕರ್‌ಗೆ ಕಿವಿ ಹಚ್ಚಿದ್ರೆ ಮಾತ್ರ ಕೇಳುತ್ತೆ.

ಅದೇ ಖುಷೀಲಿ ಫೀಡ್‌ಬ್ಯಾಕ್ ತಂತಿ ಹಾಕಿದ್ರೆ ಎಡಗಡೆ ಸೂಪರ್, ಬಲಗಡೆ ಕೂಂ ಅಂತ ಕಿರುಚಾಟ.

ಗ್ರಿಡ್‌ಲೀಕ್:
ಬಲಗಡೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಫೇಸ್ ಉಲ್ಟಾ. ನೆಗೆಟಿವ್ ಆಗ್ಬೇಕಿದ್ದ ಫೀಡ್‌ಬ್ಯಾಕ್ ಪಾಸಿಟಿವ್ ಆಗಿದೆ. ತಂತಿ ಬಣ್ಣ ನಂಬ್ಬೇಡ, ವೈಂಡಿಂಗ್ ಮಾಡೋರು ಕೈಗೆ ಸಿಕ್ಕ ಬಣ್ಣ ಹಾಕಿರ್ತಾರೆ. ಸೆಕೆಂಡರಿಯ ಎರಡು ತಂತಿ ಅದಲುಬದಲು ಮಾಡು. ಪ್ರೈಮರಿ ಕಡೆ ಮಾಡಿದ್ರೂ ಆಗುತ್ತೆ, ಆದ್ರೆ ಅಲ್ಲಿ 280 ವೋಲ್ಟ್ ಇದೆ, ಇಲ್ಲಿ ಇಲ್ಲ.

ಸ್ಕೋಪ್‌ರಾಣಿ:
ಸ್ಪೀಕರ್ ಬಿಚ್ಚಿಟ್ಟು 8 ಓಮ್ 10 ವಾಟ್ ರೆಸಿಸ್ಟರ್ ಹಾಕಿ ಮಾಡಿ. ಲೋಡ್ ಇಲ್ಲದೇ ಮಾತ್ರ ಓಡಿಸ್ಬೇಡಿ, ಪ್ರೈಮರೀಲಿ ವೋಲ್ಟೇಜ್ ಹಾರಿ ಇನ್ಸುಲೇಷನ್ ಸೀಳಿ ಹೋಗುತ್ತೆ. ಮೊದ್ಲು ಫೀಡ್‌ಬ್ಯಾಕ್ ರೆಸಿಸ್ಟರ್ ಹತ್ತು ಪಟ್ಟು ದೊಡ್ಡದು ಹಾಕಿ ತಂತಿ ಮುಟ್ಟಿಸಿ ನೋಡಿ. ಸದ್ದು ಇಳಿದ್ರೆ ನೆಗೆಟಿವ್, ಏರಿದ್ರೆ ಪಾಸಿಟಿವ್. ಆಮೇಲೆ ಸರಿಯಾದ ಬೆಲೆಗೆ ಬನ್ನಿ.

ತಂತಿಪ್ರಿಯ:
ಸರಿಹೋಯ್ತು!! ಎರಡೂ ಕಡೆ ಒಂದೇ ಮಟ್ಟದಲ್ಲಿದೆ. ಒಂದೇ ಪ್ರಶ್ನೆ ಉಳೀತು, 12 ವಾಟ್‌ಗೆ ತಾಗಿ ಕೂತಿದೆ ಅಂದ್ರಲ್ಲ, ಹಾಗೇ ಬಿಡ್ಲಾ?

ಹಳೇರೇಡಿಯೋ:
150 ತೆಗೆದು 180 ಹಾಕಿ. 44 ಮಿಲಿಆಂಪ್ ಹತ್ರ ಬರ್ತದೆ, ಪ್ಲೇಟಿಗೆ ಹತ್ತೂವರೆ ವಾಟ್. ಮೈನ್ಸ್ ಏರಿದ ದಿನವೂ ಹೆದರಿಕೆ ಇಲ್ಲ.

ಕೆಂಪುದೀಪ:
12 ವಾಟಿನ 70 ಪರ್ಸೆಂಟ್‌ಗೆ ಇಳಿಸ್ಬೇಕು ಅಂತಾರಲ್ಲ?

ಗ್ರಿಡ್‌ಲೀಕ್:
ಅದು ಪುಷ್ ಪುಲ್ (ಎರಡು ಟ್ಯೂಬ್ ಸರದಿಯಲ್ಲಿ ಕೆಲಸ ಮಾಡೋದು) ಕ್ಲಾಸ್ ಎಬಿ, ಫಿಕ್ಸೆಡ್ ಬಯಾಸ್‌ಗೆ ಹೇಳೋ ಮಾತು. ಸಿಂಗಲ್ ಎಂಡೆಡಲ್ಲಿ ಅಷ್ಟು ಇಳಿಸಿದ್ರೆ ಪವರೂ ಹೋಗುತ್ತೆ, ಡಿಸ್ಟಾರ್ಷನ್ನೂ ಬೇಗ ಬರುತ್ತೆ. 180 ಸರಿ.

ತಂತಿಪ್ರಿಯ:
180 ಹಾಕ್ದೆ, ಎರಡೂ ಕಡೆ 8 ವೋಲ್ಟ್ ಆಸುಪಾಸು. ಈಗ ವಾಲ್ಯೂಮ್ ತಿರುಗಿಸುವಾಗ ಚರಚರ ಅಂತಿದೆ, ಪಾಟ್ (ವಾಲ್ಯೂಮ್ ತಿರುಗಿಸೋ ರೆಸಿಸ್ಟರ್) ಹೊಸದು.

ಸ್ಕೋಪ್‌ರಾಣಿ:
ಪಾಟ್ ಮೇಲೆ ಡಿಸಿ ಬರ್ತಿದ್ಯಾ ಅಳೀರಿ. ಹಾಡು ಹಾಕೋ ಸಾಧನದಿಂದಲೂ ಬರಬಹುದು, ಅದನ್ನ ಬಿಚ್ಚಿ ಒಂದ್ಸಲ, ಜೋಡಿಸಿ ಒಂದ್ಸಲ.